ಕೆಳಗೆ ನಾವು, ಮೇಲೆ ಬಾಡಿಗೆ: ಅಮೆರಿಕದಲ್ಲಿ ಎರಡು-ಮೂರು ಮನೆಯ ಕಟ್ಟಡಕ್ಕೆ ಸಾಲ

ಹಿಂದಿನ ಸಂಚಿಕೆಯಲ್ಲಿ ನಾನು ಟೂ-ಫ್ಯಾಮಿಲಿ ಮನೆ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಒಂದು ಮನೆಯಲ್ಲಿ ನಾವಿದ್ದು ಇನ್ನೊಂದನ್ನು ಬಾಡಿಗೆಗೆ ಕೊಟ್ಟರೆ ಕಡಿಮೆ ಡೌನ್ ಪೇಮೆಂಟ್‌ನಲ್ಲೇ ಸಾಲ ಸಿಗುತ್ತದೆ ಅಂತ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ನ್ಯೂಜೆರ್ಸಿ, ಬಾಸ್ಟನ್ ಕಡೆ, ಶಿಕಾಗೊ, ಕೊನೆಗೆ ಮೈಸೂರಿನಿಂದಲೂ ಒಂದು ಬಂದಿದೆ. ಆಶ್ಚರ್ಯವೇನಿಲ್ಲ ಬಿಡಿ. ಬೆಂಗಳೂರು, ಮೈಸೂರಿನಲ್ಲಿ ಎಷ್ಟೋ ಜನ ಬೆಳೆದದ್ದೇ ಇಂಥ ಮನೆಗಳಲ್ಲಿ, ಕೆಳಗೆ ಓನರ್ರು, ಮೇಲೆ ಬಾಡಿಗೆಯವರು, ಮಧ್ಯೆ ಒಂದೇ ನೀರಿನ ಸಂಪು. ಆದರೆ ಅಲ್ಲಿ ಅಪ್ಪ ಮೊದಲು ಕೆಳಗಿನ ಮನೆ ಕಟ್ಟಿ, ಹತ್ತು ವರ್ಷ ಬಿಟ್ಟು ಮೇಲಿನದನ್ನು ಕಟ್ಟುತ್ತಿದ್ದರು. ಇಲ್ಲಿ ಇಡೀ ಕಟ್ಟಡವನ್ನು ಒಂದೇ ಸಲಕ್ಕೆ ಸಾಲ ಮಾಡಿ ಕೊಳ್ಳುತ್ತೇವೆ. ಆ ಸಾಲದ ಜೊತೆ ನೀವೇ ಅಲ್ಲಿ ವಾಸ ಮಾಡುತ್ತೀರಿ ಅನ್ನುವ ಸಹಿಯೂ ಇರುತ್ತದೆ. ಕೆಳಗಿನ ಪ್ರಶ್ನೆಗಳಲ್ಲಿ ಹೆಚ್ಚಿನವು ಆ ಒಂದು ಸಹಿಯ ಸುತ್ತಲೇ ಇವೆ.

ಪ್ರಶ್ನೆ: ನಮಸ್ಕಾರ ಅಕ್ಕ. ನಾನು ಎಡಿಸನ್‌ನಲ್ಲಿದ್ದೀನಿ, ಎಚ್‌1ಬಿ ವೀಸಾ. ಸಂಬಳ ತಿಂಗಳಿಗೆ 9,500 ಡಾಲರ್, ತೆರಿಗೆಗೆ ಮುಂಚೆ. ಹೆಂಡತಿ ಎಚ್‌4, ಕೆಲಸ ಇಲ್ಲ. ಕಾರ್ ಲೋನ್ ತಿಂಗಳಿಗೆ 400. ಈಗ 2,700 ಬಾಡಿಗೆ ಕಟ್ಟುತ್ತಿದ್ದೇವೆ. 7 ಲಕ್ಷ ಡಾಲರ್‌ಗೆ ಒಂದು ಟೂ-ಫ್ಯಾಮಿಲಿ ಮನೆ ನೋಡಿದ್ದೇವೆ, ಮೇಲಿನ ಮನೆಗೆ 2,600 ಬಾಡಿಗೆ ಬರುತ್ತದಂತೆ. ಎಫ್‌ಎಚ್‌ಎ ಸಾಲದಲ್ಲಿ (ಸರ್ಕಾರದ ವಿಮೆ ಇರುವ ಗೃಹಸಾಲ) ಶೇ. 3.5 ಕೊಟ್ಟರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. ನಮಗೆ ಸಿಗುತ್ತಾ?

ಉತ್ತರ: ಎಫ್‌ಎಚ್‌ಎ ನಿಮಗೆ ಸಿಗುವುದಿಲ್ಲ ತಮ್ಮ. ಮೊದಲು ಸಿಗುತ್ತಿತ್ತು, ಅದಕ್ಕೇ ಎಲ್ಲರೂ ಹಾಗೆ ಹೇಳುತ್ತಾರೆ. 2025ರ ಮಾರ್ಚ್‌ನಲ್ಲಿ ಅಮೆರಿಕದ ವಸತಿ ಇಲಾಖೆ ನಿಯಮ ಬದಲಾಯಿಸಿತು. ಆ ವರ್ಷದ ಮೇ 25ರಿಂದ ಎಫ್‌ಎಚ್‌ಎ ಸಾಲ ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ. ಎಚ್‌1ಬಿ, ಎಲ್‌1ನಂಥ ತಾತ್ಕಾಲಿಕ ವೀಸಾದವರು ಹೊರಗೆ. ನಿಮ್ಮ ಗೆಳೆಯರು 2022ರಲ್ಲೋ 2023ರಲ್ಲೋ ತೆಗೆದುಕೊಂಡಿರಬಹುದು, ಅವರು ಸುಳ್ಳು ಹೇಳುತ್ತಿಲ್ಲ, ಅವರಿಗೆ ಗೊತ್ತಿರುವುದು ಹಳೇ ನಿಯಮ.

ಬೇಸರ ಮಾಡಿಕೊಳ್ಳಬೇಡಿ, ಇನ್ನೊಂದು ದಾರಿ ಇದೆ. ಬ್ಯಾಂಕುಗಳು ಕೊಟ್ಟ ಸಾಲವನ್ನು ಕೊಂಡುಕೊಳ್ಳುವ ಫ್ಯಾನಿ ಮೇ ಅನ್ನುವ ಸಂಸ್ಥೆ ಇದೆಯಲ್ಲ, ಅದರ ನಿಯಮದಂತೆ ಕೊಡುವ ಸಾಲಕ್ಕೆ ಕಾನೂನುಬದ್ಧ ವೀಸಾದಲ್ಲಿ ಇರುವವರೂ ಅರ್ಹರು. ಮೊದಲು ಅಲ್ಲಿ ಎರಡು ಮನೆಯ ಕಟ್ಟಡಕ್ಕೆ ಮಾಮೂಲಿ ಸಾಲದಲ್ಲಿ ಶೇ. 15 ಹಾಕಬೇಕಿತ್ತು, ಮೂರು-ನಾಲ್ಕು ಮನೆಗೆ ಶೇ. 25. ಅಂದರೆ ನೀವು ನೋಡಿರುವ ಮನೆಗೆ 1,05,000 ಡಾಲರ್. 2023ರ ನವೆಂಬರ್‌ನಲ್ಲಿ ಅದನ್ನು ಎರಡರಿಂದ ನಾಲ್ಕು ಮನೆಯವರೆಗೂ ಶೇ. 5ಕ್ಕೆ ಇಳಿಸಿದರು, ಮಾಲೀಕರೇ ಒಂದರಲ್ಲಿ ವಾಸ ಮಾಡಬೇಕು ಅನ್ನುವ ಷರತ್ತಿನ ಮೇಲೆ. ಈಗ ನಿಮಗೆ 35,000 ಸಾಕು. ಐದನೇ ಮನೆ ಸೇರಿದರೆ ಮಾತ್ರ ಕಥೆಯೇ ಬೇರೆ, ಅದು ವಾಣಿಜ್ಯ ಸಾಲ ಆಗಿಬಿಡುತ್ತದೆ. ಸಾಲದ ಮೊತ್ತಕ್ಕೂ ಮಿತಿ ಇದೆ. 2025ರಲ್ಲಿ ಎರಡು ಮನೆಯ ಕಟ್ಟಡಕ್ಕೆ ಅದು 10,32,650 ಡಾಲರ್ ಇತ್ತು. ನಿಮ್ಮ ಸಾಲ 6,65,000, ಆ ಕಡೆಯಿಂದ ತೊಂದರೆ ಇಲ್ಲ.

ತೊಂದರೆ ಇರುವುದು ನಿಮ್ಮ ಲೆಕ್ಕದಲ್ಲಿ. ಪತ್ರದ ಜೊತೆ ನೀವು ಕಳಿಸಿದ ಹಾಳೆ ನೋಡಿದೆ. ಬಡ್ಡಿ ಶೇ. 6.75 ಅಂತ ಹಿಡಿದು 30 ವರ್ಷಕ್ಕೆ ಕಂತು 4,313. ಆಸ್ತಿ ತೆರಿಗೆ ತಿಂಗಳಿಗೆ 1,167, ವಿಮೆ 250, ಡೌನ್ ಪೇಮೆಂಟ್ ಕಡಿಮೆ ಇರುವುದಕ್ಕೆ ಕಟ್ಟುವ ಮಾರ್ಟ್‌ಗೇಜ್ ಇನ್ಶೂರೆನ್ಸ್ 350. ಒಟ್ಟು 6,080. ಇಲ್ಲಿವರೆಗೂ ಸರಿ. ಬಾಡಿಗೆಯಲ್ಲಿ ಮುಕ್ಕಾಲು ಭಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ ಅನ್ನುವುದೂ ನಿಮಗೆ ಗೊತ್ತಿದೆ, 2,600ರಲ್ಲಿ 1,950. ಉಳಿದ ಕಾಲು ಭಾಗ ಮನೆ ಖಾಲಿ ಬಿದ್ದಾಗ, ರಿಪೇರಿ ಬಂದಾಗ ಅಂತ ಬಿಟ್ಟುಬಿಡುತ್ತಾರೆ. ಆದರೆ ನೀವು ಆ 1,950ನ್ನು ಕಂತಿನಿಂದ ಕಳೆದಿದ್ದೀರಿ. ಕಾರ್ ಲೋನ್ ಸೇರಿಸಿ 4,530 ಮಾಡಿ, ಅದನ್ನು ಸಂಬಳ 9,500ಕ್ಕೆ ಹೋಲಿಸಿ, ಶೇ. 48 ಬಂತು, ಆದಾಯದಲ್ಲಿ ಸಾಲಕ್ಕೆ ಹೋಗುವ ಪಾಲಿಗೆ ಇರುವ ಮಿತಿ 50, ಅದರ ಒಳಗಿದೆ, ಪಾಸ್ ಅಂತ ಬರೆದಿದ್ದೀರಿ.

ಬ್ಯಾಂಕ್ ಹಾಗೆ ಮಾಡುವುದಿಲ್ಲ. ನೀವೇ ವಾಸ ಮಾಡುವ ಕಟ್ಟಡದಲ್ಲಿ ಬಾಡಿಗೆಯನ್ನು ಆದಾಯಕ್ಕೆ ಕೂಡಿಸುತ್ತಾರೆ, ಕಂತಿನಿಂದ ಕಳೆಯುವುದಿಲ್ಲ. ಕಂತು ಪೂರ್ತಿ ನಿಮ್ಮ ತಲೆಯ ಮೇಲೇ ಇರುತ್ತದೆ. ಆದಾಯ 9,500 ಪ್ಲಸ್ 1,950, ಅಂದರೆ 11,450. ಖರ್ಚು 6,080 ಪ್ಲಸ್ 400, ಅಂದರೆ 6,480. ಭಾಗಿಸಿ ನೋಡಿ, ಶೇ. 56 ದಾಟುತ್ತದೆ. ಫ್ಯಾನಿ ಮೇ ಕಂಪ್ಯೂಟರ್ 50ರ ಮೇಲೆ ಒಪ್ಪುವುದಿಲ್ಲ. ಕೂಡೋದು, ಕಳೆಯೋದು, ಅಷ್ಟೇ ವ್ಯತ್ಯಾಸ, ಆದರೆ ಎಷ್ಟೋ ಜನ ಅಡ್ವಾನ್ಸ್ ಕೊಟ್ಟು, ಇನ್ಸ್‌ಪೆಕ್ಷನ್‌ಗೆ ದುಡ್ಡು ಕಟ್ಟಿ, ಆಮೇಲೆ ಈ ಗೋಡೆಗೆ ಹೋಗಿ ಹಣೆ ಚಚ್ಚಿಕೊಳ್ಳುತ್ತಾರೆ. ನನಗೂ ಮೊದಲ ಸಲ ಹೀಗೇ ಆಗಿತ್ತು. ನನ್ನ ಲೋನ್ ಆಫೀಸರ್ ಪೂರ್ವ ಒಪ್ಪಿಗೆ ಪತ್ರ ಕೊಡುವಾಗ ಬಾಡಿಗೆಯನ್ನು ಕಳೆದೇ ಲೆಕ್ಕ ಹಾಕಿದ್ದರು. ಮೂರು ವಾರ ಆದ ಮೇಲೆ ಫೈಲ್ ವಾಪಸ್ ಬಂತು. ಅಪ್ರೈಸಲ್‌ಗೆ, ಅಂದರೆ ಮನೆಯ ಬೆಲೆ ಕಟ್ಟಿಸಲು, ಕಟ್ಟಿದ್ದ ದುಡ್ಡು ಹೋಯಿತು, ಅದಕ್ಕಿಂತ ಜಾಸ್ತಿ ಮನಸ್ಸು ಕೆಟ್ಟಿತು.

ಇದೇ ಲೆಕ್ಕವನ್ನು 6 ಲಕ್ಷದ ಮನೆಗೆ ಹಾಕಿ ನೋಡೋಣ. ಸಾಲ 5,70,000, ಕಂತು 3,697. ತೆರಿಗೆ 1,050, ವಿಮೆ 250, ಮಾರ್ಟ್‌ಗೇಜ್ ಇನ್ಶೂರೆನ್ಸ್ 300 ಅಂತ ಇಟ್ಟುಕೊಂಡರೆ ಒಟ್ಟು 5,297. ಕಾರ್ ಸೇರಿ 5,697. ಶೇ. 49.8 ಬರುತ್ತದೆ. ದಾಟಿತು, ಆದರೆ ಕೂದಲೆಳೆಯಲ್ಲಿ. ಕಾರ್ ಲೋನ್ ತೀರಿಸಿಬಿಟ್ಟರೆ ಶೇ. 46, ಉಸಿರಾಡಬಹುದು. ಹಾಗಾಗಿ ನೀವು ಮೊದಲು ಮಾಡಬೇಕಾದ ಕೆಲಸ ಮನೆ ನೋಡುವುದಲ್ಲ, ಕಾರಿನ ಸಾಲ ಮುಗಿಸುವುದು. ಇನ್ನೊಂದು ವಿಷಯ, ಈಗ ಕಟ್ಟುತ್ತಿರುವ 2,700 ಬಾಡಿಗೆಗೆ ಚೆಕ್ ಅಥವಾ ಬ್ಯಾಂಕ್ ದಾಖಲೆ ಇಟ್ಟುಕೊಂಡಿರಿ. ಸ್ವಂತ ಮನೆಯೂ ಇಲ್ಲದೆ, ಬಾಡಿಗೆಯನ್ನೂ ಕಟ್ಟದೆ ಯಾರದೋ ಮನೆಯಲ್ಲಿ ಸುಮ್ನೆ ಇದ್ದವರಿಗೆ, ಬರಲಿರುವ ಬಾಡಿಗೆಯನ್ನು ಆದಾಯ ಅಂತ ಪರಿಗಣಿಸುವುದಕ್ಕೆ ಫ್ಯಾನಿ ಮೇ ಒಪ್ಪುವುದಿಲ್ಲ.

ಇನ್ನು ಅಕ್ಕನಾಗಿ ಒಂದು ಮಾತು. ಎಚ್‌1ಬಿಯಲ್ಲಿ ಕೆಲಸ ಹೋದರೆ ಹೆಚ್ಚೆಂದರೆ 60 ದಿನ ಸಮಯ. ಆಗ ಮೇಲಿನ 2,600 ಬಾಡಿಗೆಯಿಂದ 5,297 ಕಟ್ಟಲು ಆಗುವುದಿಲ್ಲ. ಆರು ತಿಂಗಳ ಕಂತು ಪಕ್ಕಕ್ಕೆ ಇಟ್ಟೇ ಕೈ ಹಾಕಿ. ಬ್ಯಾಂಕ್ ಕೇಳಲಿ ಬಿಡಲಿ.

ಪ್ರಶ್ನೆ: ವೂಸ್ಟರ್, ಮ್ಯಾಸಚೂಸೆಟ್ಸ್. ನಮಗೆ ಗ್ರೀನ್ ಕಾರ್ಡ್ ಇದೆ. ಇಲ್ಲಿ ಮೂರು ಮಹಡಿಯ ಹಳೇ ಮರದ ಮನೆಗಳು ಬೇಕಾದಷ್ಟಿವೆ, ಥ್ರೀ-ಡೆಕ್ಕರ್ ಅಂತಾರೆ. 6 ಲಕ್ಷಕ್ಕೆ ಒಂದು ಸಿಕ್ಕಿದೆ. ನಮ್ಮಿಬ್ಬರ ಸಂಬಳ ಚೆನ್ನಾಗಿದೆ. ಆದರೂ ಎಫ್‌ಎಚ್‌ಎ ಸಾಲಕ್ಕೆ "ಮನೆಯೇ ಪಾಸ್ ಆಗಬೇಕು" ಅಂತ ಲೋನ್ ಆಫೀಸರ್ ಹೇಳುತ್ತಿದ್ದಾರೆ. ಏನಿದು? ಮಗಳಿಗೆ ಮೂರು ವರ್ಷ.

ಉತ್ತರ: ಅವರು ಹೇಳಿದ್ದು ಸರಿ. ಎರಡು ಮನೆಯ ಕಟ್ಟಡಕ್ಕೆ ಈ ಪರೀಕ್ಷೆ ಇಲ್ಲ. ಮೂರು ಮತ್ತು ನಾಲ್ಕಕ್ಕೆ ಇದೆ. ಕಟ್ಟಡ ತನ್ನ ಕಂತನ್ನು ತಾನೇ ದುಡಿಯಬೇಕು ಅನ್ನುವುದು ಇದರ ಅರ್ಥ. ನಿಮ್ಮ ಸಂಬಳ ಎಷ್ಟೇ ಇರಲಿ, ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಲೆಕ್ಕ ಹೀಗೆ. ಅಪ್ರೈಸರ್ ಮೂರೂ ಮನೆಗೆ ಮಾರುಕಟ್ಟೆ ಬಾಡಿಗೆ ಹಾಕುತ್ತಾರೆ, ನೀವು ವಾಸ ಮಾಡುವ ಮನೆಗೂ ಸೇರಿಸಿ. ಅದರಲ್ಲಿ ಕನಿಷ್ಠ ಕಾಲು ಭಾಗ ಕಳೆಯುತ್ತಾರೆ. ಉಳಿದದ್ದು ಅಸಲು, ಬಡ್ಡಿ, ತೆರಿಗೆ, ವಿಮೆ, ಎಫ್‌ಎಚ್‌ಎ ಇನ್ಶೂರೆನ್ಸ್ ಎಲ್ಲ ಸೇರಿದ ತಿಂಗಳ ಮೊತ್ತಕ್ಕಿಂತ ಕಡಿಮೆ ಇರಬಾರದು. ನಿಮ್ಮ ಮನೆಗೆ ಒಂದೊಂದಕ್ಕೆ 2,200 ಅಂದರೆ ಮೂರಕ್ಕೆ 6,600. ಮುಕ್ಕಾಲು ಭಾಗ 4,950. ಇದು ನಿಮ್ಮ ಗೆರೆ.

ಈಗ ಆ ಕಡೆ. 6 ಲಕ್ಷಕ್ಕೆ ಶೇ. 3.5, ಅಂದರೆ 21,000 ಕೊಟ್ಟು 5,79,000 ಸಾಲ. ಎಫ್‌ಎಚ್‌ಎ ಮೊದಲಿಗೇ ಶೇ. 1.75 ಇನ್ಶೂರೆನ್ಸ್ ತೆಗೆದುಕೊಳ್ಳುತ್ತದೆ, ಸಾಮಾನ್ಯವಾಗಿ ಅದನ್ನು ಸಾಲಕ್ಕೇ ಸೇರಿಸುತ್ತಾರೆ, 5,89,132 ಆಯಿತು. ಬಡ್ಡಿ ಶೇ. 6.5 ಆದರೆ ಕಂತು 3,724. ತೆರಿಗೆ 600, ವಿಮೆ 250 ಅಂತ ಹಿಡಿಯೋಣ. ವರ್ಷಕ್ಕೆ ಶೇ. 0.55ರಂತೆ ತಿಂಗಳಿಗೆ 265 ಇನ್ಶೂರೆನ್ಸ್. ಒಟ್ಟು 4,839. ಪಾಸ್, 111 ಡಾಲರ್ ಮಿಕ್ಕಿತು. ಅದೇ ಮನೆ, ಅದೇ ಬಾಡಿಗೆ, ಬಡ್ಡಿ ಮಾತ್ರ ಶೇ. 7 ಆಗಲಿ, ಒಟ್ಟು 5,035 ಆಗುತ್ತದೆ. ಫೇಲ್. ಅರ್ಧ ಪರ್ಸೆಂಟ್ ಬಡ್ಡಿ ಕಟ್ಟಡವನ್ನೇ ಕೆಡವಿತು ನೋಡಿ. ಆದ್ದರಿಂದ ಮನೆಗೆ ಆಫರ್ ಹಾಕುವ ದಿನವೇ ಬಡ್ಡಿ ಎಷ್ಟು, ಎಷ್ಟು ದಿನ ಲಾಕ್ ಮಾಡಬಹುದು ಅಂತ ಕೇಳಿಕೊಳ್ಳಿ, ಮತ್ತು ಆ ಬೀದಿಯಲ್ಲಿ ಬಾಡಿಗೆ ನಿಜಕ್ಕೂ ಎಷ್ಟಿದೆ ಅಂತ ನೀವೇ ನಾಲ್ಕು ಮನೆ ವಿಚಾರಿಸಿ. ಈಗಿರುವ ಬಾಡಿಗೆದಾರರು ಕಡಿಮೆ ಕೊಡುತ್ತಿದ್ದರೆ ಅಪ್ರೈಸರ್ ಕೂಡ ಅದನ್ನು ನೋಡುತ್ತಾರೆ.

ಪರೀಕ್ಷೆ ದಾಟದಿದ್ದರೆ? ಬೆಲೆ ಇಳಿಸಿ ಕೇಳಬಹುದು, ಡೌನ್ ಪೇಮೆಂಟ್ ಹೆಚ್ಚಿಸಬಹುದು. ಇಲ್ಲವೇ ಮೇಲೆ ಎಡಿಸನ್ ತಮ್ಮನಿಗೆ ಹೇಳಿದ ಶೇ. 5ರ ಸಾಲ ನೋಡಿ. ಅಲ್ಲಿ ಈ ಪರೀಕ್ಷೆಯೇ ಇಲ್ಲ. ನಿಮಗೆ ವ್ಯತ್ಯಾಸ 9,000 ಡಾಲರ್, 21,000 ಬದಲು 30,000. ಇಬ್ಬರ ಸಂಬಳ ಚೆನ್ನಾಗಿದೆ ಅಂದಿದ್ದೀರಿ, ಕ್ರೆಡಿಟ್ ಸ್ಕೋರ್ ಕೂಡ ಚೆನ್ನಾಗಿದ್ದರೆ ನಾನಾಗಿದ್ದರೆ ಅದನ್ನೇ ಮೊದಲು ಕೇಳುತ್ತಿದ್ದೆ. ಎಫ್‌ಎಚ್‌ಎಯಲ್ಲಿ ಶೇ. 10ಕ್ಕಿಂತ ಕಡಿಮೆ ಹಾಕಿದವರಿಗೆ ತಿಂಗಳ ಇನ್ಶೂರೆನ್ಸ್ ಸಾಲ ಇರುವವರೆಗೂ ಹೋಗುವುದಿಲ್ಲ. ಶೇ. 10 ಅಥವಾ ಜಾಸ್ತಿ ಹಾಕಿದರೆ 11 ವರ್ಷಕ್ಕೆ ನಿಲ್ಲುತ್ತದೆ. ಜೊತೆಗೆ ಮೂರು-ನಾಲ್ಕು ಮನೆಯ ಕಟ್ಟಡಕ್ಕೆ ಕ್ಲೋಸಿಂಗ್ (ಸಹಿ ಹಾಕಿ ಮನೆ ಕೈಗೆ ಬರುವುದು) ಆದ ಮೇಲೂ ಮೂರು ತಿಂಗಳ ಕಂತು ಕೈಯಲ್ಲಿ ಉಳಿದಿರಬೇಕು.

ಮಗಳ ವಯಸ್ಸು ಬರೆದಿದ್ದು ಒಳ್ಳೆಯದಾಯಿತು. ವೂಸ್ಟರಿನ ಥ್ರೀ-ಡೆಕ್ಕರ್‌ಗಳು ತುಂಬ ಹಳೆಯವು, 1978ಕ್ಕಿಂತ ಮುಂಚಿನ ಮನೆಗಳಲ್ಲಿ ಸೀಸದ ಬಣ್ಣ ಇರುವ ಸಾಧ್ಯತೆ ಜಾಸ್ತಿ. ಮ್ಯಾಸಚೂಸೆಟ್ಸ್ ಕಾನೂನಿನಲ್ಲಿ ಅಂಥ ಮನೆಯಲ್ಲಿ ಆರು ವರ್ಷದೊಳಗಿನ ಮಗು ಇದ್ದರೆ ಮಾಲೀಕರು ಸೀಸದ ಅಪಾಯವನ್ನು ತೆಗೆಸಬೇಕು ಇಲ್ಲವೇ ನಿಯಂತ್ರಿಸಬೇಕು. ನಿಮ್ಮ ಮಗಳಿಗೂ ಅನ್ವಯ, ಮೇಲಿನ ಮಹಡಿಗೆ ಬರುವ ಬಾಡಿಗೆದಾರರ ಮಗುವಿಗೂ ಅನ್ವಯ. ಮಗು ಇದೆ ಅಂತ ಬಾಡಿಗೆಗೆ ಕೊಡದೆ ಇರುವುದು ಕಾನೂನಿಗೆ ವಿರುದ್ಧ. ಎಫ್‌ಎಚ್‌ಎ ಅಪ್ರೈಸರ್ ಹಳೇ ಮನೆಯಲ್ಲಿ ಬಣ್ಣ ಸಿಪ್ಪೆ ಏಳುತ್ತಿರುವುದು ಕಂಡರೆ ಸರಿ ಮಾಡಿಸುವವರೆಗೂ ಫೈಲ್ ನಿಲ್ಲುತ್ತದೆ. ಸೀಸದ ತಪಾಸಣೆ ಮಾಡಿಸಲು ಕೊಳ್ಳುವವರಿಗೆ 10 ದಿನ ಅವಕಾಶ ಕೊಡಬೇಕು ಅಂತ ಕೇಂದ್ರ ಕಾನೂನೇ ಇದೆ, ಅದನ್ನು ಬಿಟ್ಟುಕೊಡಬೇಡಿ. ಪೂರ್ತಿ ತೆಗೆಸಿದರೆ ಒಂದು ಮನೆಗೆ 3,000 ಡಾಲರ್‌ವರೆಗೆ ರಾಜ್ಯ ತೆರಿಗೆಯಲ್ಲಿ ವಿನಾಯಿತಿ ಸಿಗುತ್ತದೆ. ಬೆಲೆ ಚೌಕಾಸಿ ಮಾಡುವಾಗ ಈ ಖರ್ಚನ್ನು ಮೇಜಿನ ಮೇಲೆ ಇಡಿ. ಮೂರು ವರ್ಷದ ಮಗು ಕಿಟಕಿ ಕಟ್ಟೆ ಮೇಲೆ ಕೈ ಇಟ್ಟು, ಆಮೇಲೆ ಅದೇ ಕೈ ಬಾಯಿಗೆ ಹಾಕುತ್ತೆ ಅಲ್ವಾ, ಈ ವಿಷಯದಲ್ಲಿ ಒಂದು ರೂಪಾಯಿಯೂ ಉಳಿಸಲು ಹೋಗಬೇಡಿ.

ಪ್ರಶ್ನೆ: ತಾಯಿ, ನಾನು ಮೈಸೂರಿನಲ್ಲಿ ನಿವೃತ್ತ ಮೇಷ್ಟ್ರು. ಮಗ ನ್ಯೂಜೆರ್ಸಿಯಲ್ಲಿ ಎರಡು ಮನೆಯ ಕಟ್ಟಡ ಕೊಳ್ಳುತ್ತಿದ್ದಾನೆ. ನಾವು ಸ್ವಲ್ಪ ದುಡ್ಡು ಕಳಿಸಬೇಕೆಂದಿದ್ದೇವೆ. ಬೇಕಾದರೆ ನಮ್ಮ ಸೈಟು ಮಾರುತ್ತೇವೆ. ನಾವು ಅಲ್ಲಿಗೆ ಬಂದಾಗ ಮೇಲಿನ ಮನೆಯಲ್ಲಿ ಆರು ತಿಂಗಳು ಇರಬಹುದಲ್ಲ ಅನ್ನುವ ಆಸೆ ನಮ್ಮವರಿಗೆ. ನಿಯಮ ಒಪ್ಪುತ್ತದೆಯೇ?

ಉತ್ತರ: ಮೇಷ್ಟ್ರೇ, ನಮಸ್ಕಾರ. ದುಡ್ಡು ಕಳಿಸಬಹುದು. ಆದರೆ ಅದು ಉಡುಗೊರೆ ಆಗಿರಬೇಕು, ಸಾಲ ಆಗಿರಬಾರದು. ನೀವು ಗಿಫ್ಟ್ ಲೆಟರ್‌ಗೆ ಸಹಿ ಹಾಕಬೇಕು, ಇದು ವಾಪಸ್ ಕೊಡಬೇಕಾದ ಹಣ ಅಲ್ಲ ಅಂತ. "ನಿಧಾನಕ್ಕೆ ಕೊಡ್ತಾನೆ ಬಿಡಿ" ಅಂತ ಮನೆಯಲ್ಲಿ ಮಾತಾಗಿದ್ದರೆ ಆ ಪತ್ರಕ್ಕೆ ಸಹಿ ಹಾಕುವುದು ಸರಿಯಲ್ಲ. ನಿಮ್ಮ ಖಾತೆಯಿಂದ ಹೊರಟ ದುಡ್ಡು ಮಗನ ಅಮೆರಿಕದ ಖಾತೆಗೆ ಬಂದ ದಾರಿ ಪೂರ್ತಿ ಕಾಗದದಲ್ಲಿ ಕಾಣಬೇಕು. ಆದಷ್ಟು ಬೇಗ ಕಳಿಸಿದರೆ ಒಳ್ಳೆಯದು, ಕ್ಲೋಸಿಂಗ್‌ಗೆ ಒಂದು ವಾರ ಇರುವಾಗ ದೊಡ್ಡ ಮೊತ್ತ ಬಂದರೆ ಬ್ಯಾಂಕಿನವರು ನೂರು ಪ್ರಶ್ನೆ ಕೇಳುತ್ತಾರೆ.

ಭಾರತದ ಕಡೆ, ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳಿಸಬಹುದು. ನೀವೂ ನಿಮ್ಮವರೂ ಬೇರೆ ಬೇರೆ ಲೆಕ್ಕ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೇಲಿನ ಹಣಕ್ಕೆ ಬ್ಯಾಂಕ್ ಶೇ. 20 ಟಿಸಿಎಸ್ (ಮುಂಗಡವಾಗಿ ಹಿಡಿಯುವ ತೆರಿಗೆ) ಹಿಡಿಯುತ್ತದೆ. ಅದು ಖರ್ಚಲ್ಲ, ರಿಟರ್ನ್ ಸಲ್ಲಿಸುವಾಗ ನಿಮ್ಮ ತೆರಿಗೆಗೆ ವಜಾ ಆಗುತ್ತದೆ ಅಥವಾ ವಾಪಸ್ ಬರುತ್ತದೆ. ಆದರೆ ಅಷ್ಟು ದಿನ ನಿಮ್ಮ ಕೈಯಲ್ಲಿ ಇರುವುದಿಲ್ಲ, ಪಿಂಚಣಿಯಲ್ಲಿ ಬದುಕುವವರಿಗೆ ಅದು ಸಣ್ಣ ಮಾತಲ್ಲ. ನಿಮ್ಮಿಬ್ಬರಿಂದ ಒಂದು ವರ್ಷದಲ್ಲಿ 1,00,000 ಡಾಲರ್‌ಗಿಂತ ಜಾಸ್ತಿ ಬಂದರೆ ಮಗ ಅಲ್ಲಿ ವಿದೇಶದಿಂದ ಬಂದ ಉಡುಗೊರೆ ತಿಳಿಸುವ ಫಾರಂ 3520 ಸಲ್ಲಿಸಬೇಕು. ತೆರಿಗೆ ಇರುವುದಿಲ್ಲ, ಸಲ್ಲಿಸದಿದ್ದರೆ ದಂಡ ದೊಡ್ಡದು.

ಈಗ ಮುಖ್ಯ ವಿಷಯ. ಫ್ಯಾನಿ ಮೇ ಸಾಲದಲ್ಲಿ, ಎರಡರಿಂದ ನಾಲ್ಕು ಮನೆಯ ಕಟ್ಟಡಕ್ಕೆ ಶೇ. 20ಕ್ಕಿಂತ ಕಡಿಮೆ ಡೌನ್ ಪೇಮೆಂಟ್ ಹಾಕುವವರು ಮೊದಲ ಶೇ. 5ನ್ನು ತಮ್ಮ ಸ್ವಂತ ದುಡ್ಡಿನಿಂದಲೇ ಹಾಕಬೇಕು. ನಿಮ್ಮ ಉಡುಗೊರೆ ಅದರ ಮೇಲಕ್ಕೆ. ಅಂದರೆ ಮಗನ ಹತ್ತಿರ ಆ ಶೇ. 5 ಇಲ್ಲದಿದ್ದರೆ ನೀವು ಸೈಟು ಮಾರಿ ಅರ್ಧಂಬರ್ಧ ಕಳಿಸಿದರೂ ಉಪಯೋಗ ಇಲ್ಲ. ಶೇ. 20 ಪೂರ್ತಿ ತುಂಬುವಂತಿದ್ದರೆ ಎಲ್ಲವೂ ಉಡುಗೊರೆಯೇ ಆಗಬಹುದು. ಎಫ್‌ಎಚ್‌ಎಯಲ್ಲಿ ಶೇ. 3.5 ಪೂರ್ತಿ ಅಪ್ಪ ಅಮ್ಮನಿಂದಲೇ ಬರಬಹುದು, ಆದರೆ ಮಗನಿಗೆ ಗ್ರೀನ್ ಕಾರ್ಡ್ ಅಥವಾ ಪೌರತ್ವ ಇರಬೇಕು. ಮೊದಲು ಮಗನನ್ನು ಈ ಒಂದು ಪ್ರಶ್ನೆ ಕೇಳಿ, ಆಮೇಲೆ ಸೈಟಿನ ಮಾತು. ನಿಮ್ಮ ಮುಂದಿನ ಇಪ್ಪತ್ತು ವರ್ಷ ಆ ಸೈಟಿನ ಮೇಲೆ ನಿಂತಿದ್ದರೆ ದಯವಿಟ್ಟು ಮಾರಬೇಡಿ.

ಮೇಲಿನ ಮನೆಯಲ್ಲಿ ಇರುವುದಕ್ಕೆ ನಿಯಮದ ಅಡ್ಡಿ ಇಲ್ಲ. ಮಗ ಕೆಳಗೆ ವಾಸವಾಗಿದ್ದರೆ ಸಾಕು. ಆದರೆ ನೀವು ಆರು ತಿಂಗಳು ಇರಬೇಕೆಂದರೆ ಆ ಮನೆ ಖಾಲಿ ಇರಬೇಕಲ್ಲ. ಬಾಡಿಗೆದಾರರು ಒಂದು ವರ್ಷದ ಕರಾರು ಮಾಡಿಕೊಂಡು ಬರುತ್ತಾರೆ, ನೀವು ಬರುವಾಗ ಹೋಗಿ, ನೀವು ಹೋದ ಮೇಲೆ ಬನ್ನಿ ಅಂತ ಹೇಳಲು ಆಗುವುದಿಲ್ಲ. ಆ ಬಾಡಿಗೆ ಇಲ್ಲದೆ ಮಗ ಕಂತು ಕಟ್ಟುತ್ತಾನೆಯೇ ಅಂತ ಅವನ ಜೊತೆ ಕೂತು ಲೆಕ್ಕ ಹಾಕಿ. ಆಗದಿದ್ದರೆ ಕೆಳಗಿನ ಮನೆಯಲ್ಲೇ ಒಂದು ಕೋಣೆ ಜಾಸ್ತಿ ಇರುವ ಕಟ್ಟಡ ನೋಡಲು ಹೇಳಿ. ಮೊಮ್ಮಕ್ಕಳ ಜೊತೆ ಒಂದೇ ಮನೆಯಲ್ಲಿ ಇದ್ದರೆ ನಿಮ್ಮವರಿಗೂ ಸಂತೋಷ ಅಂತ ನನ್ನ ಅನಿಸಿಕೆ.

ಪ್ರಶ್ನೆ: ಶಿಕಾಗೊ. ಅಕ್ಕ, ಟೂ-ಫ್ಲಾಟ್ (ಇಲ್ಲಿ ಎರಡು ಮನೆಯ ಕಟ್ಟಡಕ್ಕೆ ಹಾಗಂತಾರೆ) ಒಂದು ತೆಗೆದುಕೊಳ್ಳಬೇಕು ಅಂತಿದ್ದೇನೆ. ನನಗೆ ಅಲ್ಲಿ ವಾಸ ಮಾಡುವ ಮನಸ್ಸಿಲ್ಲ, ಎರಡನ್ನೂ ಬಾಡಿಗೆಗೆ ಕೊಡುತ್ತೇನೆ. ಸಾಲಕ್ಕೆ ಮಾತ್ರ ನಾನೇ ಇರುತ್ತೇನೆ ಅಂತ ಹಾಕಿದರೆ ಯಾರಿಗೂ ಗೊತ್ತಾಗಲ್ಲ ಅಂತ ಗೆಳೆಯ ಹೇಳುತ್ತಾನೆ. ಎಲ್ಲರೂ ಮಾಡ್ತಾರಂತೆ.

ಉತ್ತರ: ಮಾಡಬೇಡಿ. ದಯವಿಟ್ಟು ಮಾಡಬೇಡಿ.

ನೀವು ಸಹಿ ಹಾಕುವ ಕಾಗದದಲ್ಲಿ 60 ದಿನದೊಳಗೆ ಅಲ್ಲಿಗೆ ಹೋಗಿ ಕನಿಷ್ಠ ಒಂದು ವರ್ಷ ಅದನ್ನೇ ಮುಖ್ಯ ಮನೆಯಾಗಿ ಇಟ್ಟುಕೊಳ್ಳುತ್ತೇನೆ ಅಂತ ಬರೆದಿರುತ್ತದೆ. ಎಫ್‌ಎಚ್‌ಎಯಲ್ಲೂ ಅದೇ 60 ದಿನ, ಅದೇ ಒಂದು ವರ್ಷ. ಗೊತ್ತಿದ್ದೂ ಸುಳ್ಳು ಬರೆದರೆ ಅದು ಕೇಂದ್ರ ಸರ್ಕಾರದ ಅಪರಾಧ, ಗರಿಷ್ಠ ಶಿಕ್ಷೆ 30 ವರ್ಷ ಜೈಲು ಮತ್ತು 10 ಲಕ್ಷ ಡಾಲರ್ ದಂಡ. ಅಷ್ಟು ದೂರ ಹೋಗದಿದ್ದರೂ ಬ್ಯಾಂಕ್ ಸಾಲವನ್ನು ಪೂರ್ತಿ ಒಂದೇ ಸಲ ಕಟ್ಟು ಅನ್ನಬಹುದು. ಗೊತ್ತಾಗಲ್ಲ ಅನ್ನುವುದೂ ತಪ್ಪು. ವಿಮೆಯಲ್ಲಿ ಒಂದು ವಿಳಾಸ, ತೆರಿಗೆ ರಿಟರ್ನ್‌ನಲ್ಲಿ ಇನ್ನೊಂದು, ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಮತ್ತೊಂದು, ಬಾಗಿಲು ತಟ್ಟಿದರೆ ಬೇರೆಯವರು. ಪೌರತ್ವಕ್ಕೋ ಗ್ರೀನ್ ಕಾರ್ಡಿಗೋ ಕಾಯುತ್ತಿರುವವರು ವಂಚನೆಯ ಒಂದು ಕೇಸು ತಲೆ ಮೇಲೆ ಹೊತ್ತುಕೊಂಡರೆ ಏನಾಗುತ್ತದೆ ಅಂತ ಯೋಚಿಸಿ. ನನಗೂ ಒಬ್ಬ ಏಜೆಂಟರು ಎರಡು ಸೂಟ್‌ಕೇಸ್ ಇಟ್ಟುಬಿಡಿ ಸಾಕು ಅಂದಿದ್ದರು. ಅವತ್ತೇ ಅವರ ಸಹವಾಸ ಬಿಟ್ಟೆ.

ಎರಡನ್ನೂ ಬಾಡಿಗೆಗೇ ಕೊಡುವುದಾದರೆ ಹೂಡಿಕೆ ಸಾಲ ಅಂತಲೇ ಕೇಳಿ. ಡೌನ್ ಪೇಮೆಂಟ್ ಜಾಸ್ತಿ, ಬಡ್ಡಿ ಸ್ವಲ್ಪ ಜಾಸ್ತಿ, ಆದರೆ ರಾತ್ರಿ ನಿದ್ದೆ ಬರುತ್ತದೆ. ಅಥವಾ ನಿಜವಾಗಿ ಒಂದು ವರ್ಷ ವಾಸ ಮಾಡಿ. ಹನ್ನೆರಡು ತಿಂಗಳು ಮುಗಿದ ಮೇಲೆ ಬೇರೆ ಕಡೆ ಹೋಗಿ ಎರಡನ್ನೂ ಬಾಡಿಗೆಗೆ ಕೊಡಲು ಯಾವ ಅಡ್ಡಿಯೂ ಇಲ್ಲ. ನಿಜವಾದ ಮನಸ್ಸಿನಿಂದ ಹೋಗಿ, ಎಂಟನೇ ತಿಂಗಳಿಗೆ ಕೆಲಸ ಬೇರೆ ಊರಿಗೆ ವರ್ಗವಾದರೆ ಅದು ವಂಚನೆ ಅಲ್ಲ, ಸಹಿ ಹಾಕುವ ದಿನ ನಿಮ್ಮ ಉದ್ದೇಶ ಏನಿತ್ತು ಅನ್ನುವುದೇ ಮುಖ್ಯ. ವರ್ಗದ ಪತ್ರ ಇಟ್ಟುಕೊಂಡು ಬ್ಯಾಂಕಿಗೆ ಲಿಖಿತವಾಗಿ ತಿಳಿಸಿ. ಅಣ್ಣ ತಮ್ಮ ಸೇರಿ ಎಫ್‌ಎಚ್‌ಎ ಸಾಲ ತೆಗೆದುಕೊಂಡರೆ ಇಬ್ಬರಲ್ಲಿ ಒಬ್ಬರು ವಾಸ ಮಾಡಿದರೂ ನಡೆಯುತ್ತದೆ, ಆ ದಾರಿಯೂ ಇದೆ.

ಪ್ರಶ್ನೆ: ಜೆರ್ಸಿ ಸಿಟಿ. ನಾವು ಕೊಳ್ಳುತ್ತಿರುವ ಟೂ-ಫ್ಯಾಮಿಲಿಯಲ್ಲಿ ಎರಡೂ ಮನೆಯಲ್ಲಿ ಬಾಡಿಗೆದಾರರಿದ್ದಾರೆ. ಆಮೇಲೆ ಖಾಲಿ ಮಾಡಿಸಿಕೊಳ್ಳಿ ಅಂತ ಮಾರುವವರು ಹೇಳುತ್ತಾರೆ.

ಉತ್ತರ: ಒಪ್ಪಬೇಡಿ. 60 ದಿನದ ಗಡಿಯಾರ ನಿಮ್ಮ ಸಹಿಯ ದಿನದಿಂದಲೇ ಓಡುತ್ತದೆ, ಬಾಡಿಗೆದಾರರು ಹೋದ ದಿನದಿಂದ ಅಲ್ಲ. ನ್ಯೂಜೆರ್ಸಿಯಲ್ಲಿ 1974ರಿಂದ ಬಾಡಿಗೆದಾರರನ್ನು ಕಾಪಾಡುವ ಗಟ್ಟಿ ಕಾನೂನು ಇದೆ, ಕೋರ್ಟಿಗೆ ಹೋದರೆ ತಿಂಗಳುಗಟ್ಟಲೆ ಆಗುತ್ತದೆ. ಮೂರು ಮನೆಯವರೆಗಿನ ಕಟ್ಟಡದಲ್ಲಿ, ಕೊಳ್ಳುವವರೇ ವಾಸಕ್ಕೆ ಬರುವುದಾದರೆ ಮನೆಯನ್ನು ಖಾಲಿ ಮಾಡಿಕೊಡಬೇಕು ಅಂತ ಕರಾರಿನಲ್ಲಿ ಬರೆಸಲು ಅದೇ ಕಾನೂನಿನಲ್ಲಿ ಅವಕಾಶ ಇದೆ, ಬಾಡಿಗೆದಾರರಿಗೆ ಎರಡು ತಿಂಗಳ ನೋಟಿಸ್ ಕೊಟ್ಟು. ವಕೀಲರಿಂದ ಆ ಸಾಲನ್ನು ಬರೆಸಿ. ಕ್ಲೋಸಿಂಗ್ ದಿನ ಬೆಳಿಗ್ಗೆ ನೀವೇ ಹೋಗಿ ಮನೆ ಖಾಲಿ ಇದೆಯಾ ಅಂತ ಕಣ್ಣಾರೆ ನೋಡಿ, ಆಮೇಲೆ ಸಹಿ. ಮೇಲಿನ ಬಾಡಿಗೆದಾರರು ಕೊಟ್ಟಿರುವ ಡಿಪಾಸಿಟ್ ನಿಮ್ಮ ಕೈಗೆ ವರ್ಗ ಆಯಿತೇ ಅನ್ನುವುದನ್ನೂ ಅವತ್ತೇ ನೋಡಿಕೊಳ್ಳಿ.

ಪ್ರಶ್ನೆ: ಮೇಲಿನ ಮನೆಗೆ "ಕನ್ನಡದವರಿಗೆ ಮಾತ್ರ, ಸಸ್ಯಾಹಾರಿಗಳಿಗೆ ಮಾತ್ರ" ಅಂತ ವಾಟ್ಸಾಪ್ ಗುಂಪಿನಲ್ಲಿ ಹಾಕಬಹುದೇ? ನಾವೂ ಅಲ್ಲೇ ವಾಸ ಮಾಡುವುದು ತಾನೇ?

ಉತ್ತರ: ಹಾಕಬೇಡಿ. ಮಾಲೀಕರೇ ವಾಸ ಮಾಡುವ ನಾಲ್ಕು ಮನೆಯವರೆಗಿನ ಕಟ್ಟಡಕ್ಕೆ 1968ರ ಕೇಂದ್ರ ಕಾನೂನಿನಲ್ಲಿ ಸ್ವಲ್ಪ ವಿನಾಯಿತಿ ಇರುವುದು ನಿಜ. ಆದರೆ ಆ ವಿನಾಯಿತಿ ಜಾಹೀರಾತಿಗೆ ಇಲ್ಲ. ಯಾವ ದೇಶದವರು, ಯಾವ ಧರ್ಮದವರು ಬೇಕು ಅಂತ ಬರೆದರೆ ಅಲ್ಲೇ ತಪ್ಪಾಯಿತು, ವಾಟ್ಸಾಪ್ ಆದರೂ ಅಷ್ಟೇ. ಜನಾಂಗ ನೋಡಿ ಬಾಡಿಗೆಗೆ ಇಲ್ಲ ಅನ್ನುವುದಂತೂ 1866ರ ಕಾನೂನಿನಿಂದಲೇ ಯಾರಿಗೂ ಆಗುವುದಿಲ್ಲ. ರಾಜ್ಯದ ಕಾನೂನು ಇನ್ನೂ ಬಿಗಿ ಇರಬಹುದು. ನಮ್ಮೂರಲ್ಲಿ ಮನೆ ಹುಡುಕುವಾಗ "ನೀವು ಯಾವ ಜನ" ಅಂತ ಕೇಳಿಸಿಕೊಂಡು ವಾಪಸ್ ಬಂದವರು ನಮ್ಮಲ್ಲೇ ಎಷ್ಟು ಜನ ಇದ್ದಾರೆ, ಅದರ ನೋವು ನಮಗೆ ಗೊತ್ತಿದೆ. ಮನೆ ಬಗ್ಗೆ ಬರೆಯಿರಿ: ಎರಡನೇ ಮಹಡಿ, ಎರಡು ಬೆಡ್‌ರೂಮ್, ಹೀಟಿಂಗ್ ಬೇರೆ, ರೈಲು ಸ್ಟೇಷನ್‌ಗೆ ಎಷ್ಟು ದೂರ, ಬಾಡಿಗೆ ಎಷ್ಟು, ಯಾವಾಗಿನಿಂದ ಖಾಲಿ.